ಜೀನಿಗೂ ಮೊದಲು ಗೊರಸು

2021ರ ಆಗಸ್ಟ್ 6. ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಜರ್ಮನಿಯ ಆನಿಕಾ ಶ್ಲೋಯ್ ಎಲ್ಲರಿಗಿಂತ ಮುಂದಿದ್ದರು. ಕುದುರೆ ಸವಾರಿಯ ಸುತ್ತಿಗೆ ಚೀಟಿ ಎತ್ತಿದಾಗ ಅವರ ಪಾಲಿಗೆ ಬಂದದ್ದು ಸೇಂಟ್ ಬಾಯ್ ಎಂಬ ಕುದುರೆ. ಅದು ಅದೇ ದಿನ ಇನ್ನೊಬ್ಬ ಸವಾರರ ಕೈಯಲ್ಲೂ ಬೇಲಿ ಹಾರಲು ಒಲ್ಲೆ ಎಂದಿತ್ತು. ಅಂಕಣಕ್ಕೆ ಬಂದ ಕುದುರೆ ಹಿಂದೆ ಹಿಂದೆ ಸರಿಯಿತು. ಶ್ಲೋಯ್ ಅಳುತ್ತಲೇ ಚಾಟಿ ಬೀಸಿದರು. ಬೇಲಿಯಾಚೆ ನಿಂತಿದ್ದ ಕೋಚ್ ಕುದುರೆಗೆ ಗುದ್ದಿದರು, ಮರುದಿನ ಕ್ರೀಡಾಕೂಟದಿಂದಲೇ ಹೊರಬಿದ್ದರು. ಚಿನ್ನ ಕೈತಪ್ಪಿತು. ಕೊನೆಗೆ ಆ ಕ್ರೀಡೆಯಿಂದ ಕುದುರೆಯೇ ಮರೆಯಾಯಿತು: 2024ರ ಪ್ಯಾರಿಸ್ ಬಳಿಕ ಪೆಂಟಾಥ್ಲಾನ್‌ನಲ್ಲಿ ಸವಾರಿ ಇಲ್ಲ.

ಆ ಸ್ಪರ್ಧೆಯಲ್ಲಿ ಅಪರಿಚಿತ ಕುದುರೆಯೊಂದಿಗೆ ಸವಾರರಿಗೆ ಸಿಗುತ್ತಿದ್ದದ್ದು 20 ನಿಮಿಷ. ಸವಾರಿ ಎಂದರೆ ಬೆನ್ನೇರಿ ಲಗಾಮು ಹಿಡಿಯುವುದು ಎಂದುಕೊಂಡರೆ ಅಷ್ಟು ಹೊತ್ತು ಸಾಕೆನಿಸಬಹುದು. ಕುದುರೆ ವಿದ್ಯೆಯನ್ನು ಕಾಲೇಜಿನಲ್ಲಿ ವರ್ಷಗಟ್ಟಲೆ ಕಲಿಸುವವರು ಇದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಅವರ ಪಾಠ ಶುರುವಾಗುವುದು ಜೀನಿನಿಂದಲ್ಲ, ಗೊರಸಿನಿಂದ.

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಫುಲ್ಟನ್ ಎಂಬ ಪುಟ್ಟ ಊರಿದೆ. ಆ ಊರಿನ ವಿಲಿಯಂ ವುಡ್ಸ್, ಇನ್ನೂ ಮಹಿಳಾ ಕಾಲೇಜಾಗಿದ್ದ ಕಾಲದಲ್ಲಿ, 1972ರಲ್ಲಿ, ಅಶ್ವವಿದ್ಯೆಗೆ ನಾಲ್ಕು ವರ್ಷದ ಪದವಿ ಆರಂಭಿಸಿತು. ಆ ದೇಶದಲ್ಲಿ ಅದೇ ಮೊದಲು. ಇಂಗ್ಲೆಂಡಿನ ಗ್ಲಾಸ್ಟರ್ ಬಳಿಯ ಹಾರ್ಟ್‌ಪುರಿ, ಎರಡನೇ ಮಹಾಯುದ್ಧದ ನಂತರ ಕೃಷಿ ಶಾಲೆಯಾಗಿ ಹುಟ್ಟಿ, 2018ರಲ್ಲಿ ವಿಶ್ವವಿದ್ಯಾಲಯವಾಯಿತು. ಗಾಯಗೊಂಡ ಕುದುರೆಗಳನ್ನು ನೀರೊಳಗೆ ನಡೆಸುವ ಟ್ರೆಡ್‌ಮಿಲ್ ಕೂಡ ಅಲ್ಲಿದೆ. ಇಂಥ ಕಡೆ ಓದುವವರ ಬೆಳಗು ತರಗತಿಯಲ್ಲಿ ಆಗುವುದಿಲ್ಲ, ಲಾಯದಲ್ಲಿ ಆಗುತ್ತದೆ. ಲದ್ದಿ ಬಾಚಬೇಕು, ಒದ್ದೆ ಹುಲ್ಲು ತೆಗೆದು ಒಣಹಾಸು ಹಾಕಬೇಕು, ರಾತ್ರಿ ಎಷ್ಟು ನೀರು ಕುಡಿದಿದೆ ಎಂದು ನೋಡಬೇಕು. ಲದ್ದಿಯ ಬಣ್ಣ, ಗಟ್ಟಿ, ತೆಳು ಎಲ್ಲವೂ ಓದಬೇಕಾದ ವರದಿಯೇ. ನಾಲ್ಕೂ ಕಾಲುಗಳ ಮೇಲೆ ಅಂಗೈ ಇಳಿಸಿ ಎಲ್ಲಾದರೂ ಬಿಸಿ ಇದೆಯೇ, ಬಾವು ಇದೆಯೇ ಎಂದು ತಡವಬೇಕು. ಆಮೇಲೆ ಒಂದೊಂದೇ ಕಾಲೆತ್ತಿ ಗೊರಸು ಕೆರೆಯಬೇಕು.

ಒಂದು ಕುದುರೆಯ ತೂಕ 500 ಕಿಲೋ ಎನ್ನಿ. ನಾಗಾಲೋಟದಲ್ಲಿ ಆ ಭಾರವೆಲ್ಲ ಕ್ಷಣಮಾತ್ರ ಒಂದೇ ಗೊರಸಿನ ಮೇಲೆ ಬೀಳುತ್ತದೆ. ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ, ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಹಾಗಾಗಿ ಐದಾರು ವಾರಕ್ಕೊಮ್ಮೆ ಸವರಿ, ಬೇಕಿದ್ದರೆ ಹೊಸ ಲಾಳ ಕಟ್ಟಬೇಕು. ಅಡಿಭಾಗದಲ್ಲಿ ತ್ರಿಕೋನದ ಮೆತ್ತನೆಯ ಭಾಗವೊಂದಿದೆ. ನೆಲದ ಹೊಡೆತವನ್ನು ಮೊದಲು ತಾಳುವುದರಲ್ಲಿ ಅದರ ಪಾಲು ದೊಡ್ಡದು. ಕುದುರೆ ಹಸಿ ಹಾಸಿನ ಮೇಲೆ ನಿಂತೇ ಇದ್ದರೆ ಆ ಭಾಗದ ಸಂದಿನಲ್ಲಿ ಕೊಳೆತ ಶುರುವಾಗುತ್ತದೆ. ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ತಿಳಿಯುತ್ತದೆ. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ, ಆದರೆ ಪುಸ್ತಕವಿಲ್ಲದೆ ಕಾರಣ ತಿಳಿಯುವುದೂ ಇಲ್ಲ.

ಕಾರಣ ತಿಳಿಯುವುದು ಎಷ್ಟು ಮುಖ್ಯ ಎನ್ನುವುದು ಕುದುರೆಯ ಹೊಟ್ಟೆಯ ಪಾಠಕ್ಕೆ ಬಂದಾಗ ಅರಿವಾಗುತ್ತದೆ. ಇಷ್ಟು ದೊಡ್ಡ ಪ್ರಾಣಿಗೆ ಜಠರ ಮಾತ್ರ ತೀರ ಚಿಕ್ಕದು, ಹದಿನೈದು ಲೀಟರಿಗಿಂತ ಹೆಚ್ಚು ಹಿಡಿಯುವುದು ಕಷ್ಟ. ಕುದುರೆ ದಿನಕ್ಕೆ ಹದಿನಾರು ಗಂಟೆಯಷ್ಟು ಹೊತ್ತು ಸ್ವಲ್ಪಸ್ವಲ್ಪವಾಗಿ ಹುಲ್ಲು ಮೇಯಲೆಂದೇ ಹುಟ್ಟಿದ ಜೀವ. ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಿರುತ್ತದೆ, ಹುಲ್ಲು ಸಿಗದಿದ್ದರೆ ಅದು ಜಠರದ ಗೋಡೆಯನ್ನೇ ಸುಡುತ್ತದೆ. ಇನ್ನೊಂದು ಸಂಗತಿ: ಕುದುರೆಗೆ ವಾಂತಿ ಮಾಡಲು ಆಗದು. ಒಳಗೆ ಹೋದದ್ದು ಮುಂದೆಯೇ ಹೋಗಬೇಕು. ದಾರಿಯಲ್ಲಿ ಎಲ್ಲಾದರೂ ಕಟ್ಟಿಕೊಂಡರೆ, ಕರುಳು ತಿರುಚಿಕೊಂಡರೆ, ಅದೇ ಶೂಲೆ. ಲಾಯದಲ್ಲಿ ಕುದುರೆ ಪದೇ ಪದೇ ತನ್ನ ಪಕ್ಕೆಯತ್ತ ತಿರುಗಿ ನೋಡುತ್ತಿದ್ದರೆ, ಮಲಗಿ ಎದ್ದು ಹೊರಳುತ್ತಿದ್ದರೆ, ವಿದ್ಯಾರ್ಥಿ ಗಡಿಯಾರ ನೋಡಿಕೊಂಡು ನಾಡಿ ಎಣಿಸುತ್ತಾನೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಇರಬೇಕಾದದ್ದು 60 ದಾಟಿದರೆ ವೈದ್ಯರು ಓಡಿಬರಬೇಕು.

ಧಾನ್ಯದ ಆಸೆ ಮನುಷ್ಯನದೇ ಹೊರತು ಕುದುರೆಯ ಕರುಳಿನದಲ್ಲ. ಓಡಬೇಕಾದ ಕುದುರೆಗೆ ಶಕ್ತಿ ಬೇಕು, ನಿಜ. ಹುರುಳಿ, ಓಟ್ಸ್, ಬಾರ್ಲಿ ಕೊಡುವುದು ಅದಕ್ಕೇ. ಆದರೆ ಒಮ್ಮೆಗೇ ಅತಿಯಾದರೆ ಅರೆಜೀರ್ಣವಾದ ಪಿಷ್ಟ ಹಿಂಗರುಳಿಗೆ ಇಳಿದು ಹುದುಗುತ್ತದೆ, ಅಲ್ಲಿನ ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ, ವಿಷ ರಕ್ತಕ್ಕೆ ಸೇರುತ್ತದೆ. ಒಂದೆರಡು ದಿನದ ಬಳಿಕ ನೋವು ಕಾಣಿಸಿಕೊಳ್ಳುವುದು ಹೊಟ್ಟೆಯಲ್ಲಲ್ಲ, ಕಾಲಲ್ಲಿ. ಗೊರಸಿನ ಒಳಪದರ ಉರಿದು ಸಡಿಲವಾಗುತ್ತದೆ, ಕೈಮೀರಿದರೆ ಒಳಗಿನ ಮೂಳೆಯೇ ಕುಸಿಯುತ್ತದೆ. ಗೋದಾಮಿನ ಬಾಗಿಲು ಹಾಕಲು ಮರೆತ ಒಂದು ರಾತ್ರಿ ಒಂದು ಕುದುರೆಯ ಬಾಳನ್ನೇ ಮುಗಿಸಬಹುದು. ಸವಾರಿಯ ಅಂಕಕ್ಕಿಂತ ಲಾಯದ ಕೆಲಸದ ಅಂಕ ನನಗೆ ದೊಡ್ಡದಾಗಿ ಕಾಣುವುದು ಇದಕ್ಕೇ.

ತರಬೇತಿಯ ಪಾಠದಲ್ಲಿ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆಯ ಕತೆ ಬಂದೇ ಬರುತ್ತದೆ. 20ನೇ ಶತಮಾನದ ಆರಂಭದಲ್ಲಿ ಅದು ಕೂಡಿಸಿ, ಕಳೆದು, ಉತ್ತರವನ್ನು ಗೊರಸು ಕುಟ್ಟಿ ಹೇಳುತ್ತದೆಂದು ಜನ ಬೆರಗಾಗಿದ್ದರು. ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ ಪರೀಕ್ಷಿಸಿ, 1907ರಲ್ಲಿ ಗುಟ್ಟು ಬಿಡಿಸಿದರು: ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದಾಗ ಹಾನ್ಸ್ ಸೋಲುತ್ತಿತ್ತು. ಸರಿಯಾದ ಎಣಿಕೆ ಬಂದಾಗ ಎದುರಿನವರ ತಲೆ, ಉಸಿರು, ಭುಜಗಳಲ್ಲಿ ಆಗುವ ಸಣ್ಣ ಸಡಿಲಿಕೆಯನ್ನು ಅದು ಓದುತ್ತಿತ್ತು. ಗಣಿತಕ್ಕಿಂತ ಇದು ದೊಡ್ಡ ಅಚ್ಚರಿ ಎಂದೇ ನನ್ನ ಎಣಿಕೆ. ಇಂಥ ಪ್ರಾಣಿಯ ಬೆನ್ನ ಮೇಲೆ ಹೆದರಿ ಕೂತವರ ಹೆದರಿಕೆ ಮುಚ್ಚಿಡಲು ಬಾರದು.

ಕಲಿಸುವ ಕ್ರಮ ಸರಳ, ಆಚರಣೆ ಕಷ್ಟ. ಕಾಲಿನಿಂದ ಮೆಲ್ಲಗೆ ಒತ್ತಬೇಕು. ಕುದುರೆ ಹೆಜ್ಜೆ ಎತ್ತಿದ ಕ್ಷಣವೇ ಒತ್ತಡ ಬಿಡಬೇಕು. ಕುದುರೆ ಕಲಿಯುವುದು ಒತ್ತಡದಿಂದಲ್ಲ, ಅದು ಬಿಟ್ಟ ಗಳಿಗೆಯಿಂದ. ಬಿಡುವುದು ತಡವಾದರೆ ತಪ್ಪನ್ನೇ ಕಲಿಯುತ್ತದೆ, ಬಿಡದೇ ಇದ್ದರೆ ಕಲ್ಲಾಗುತ್ತದೆ. ಆ ಗಳಿಗೆ ಹಿಡಿಯಲು ಸವಾರನ ಕೂರುವಿಕೆ ಮೊದಲು ನೆಟ್ಟಗಾಗಬೇಕು. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ನಲ್ಲಿ ಹೊಸಬರು ರಿಕಾಪು, ಲಗಾಮು ಎರಡೂ ಇಲ್ಲದೆ, ಉದ್ದ ಹಗ್ಗದ ತುದಿಯಲ್ಲಿ ಸುತ್ತುವ ಕುದುರೆಯ ಮೇಲೆ ಬಹುಕಾಲ ಕೂತೇ ಕಲಿಯಬೇಕು.

ಅಮೆರಿಕದ ಕಾಲೇಜುಗಳ ನಡುವಿನ ಸವಾರಿ ಪಂದ್ಯಗಳೂ ಈ ಪಾಠವನ್ನೇ ಒರೆಗೆ ಹಚ್ಚುತ್ತವೆ. ನ್ಯೂಜೆರ್ಸಿಯ ಫೇರ್ಲಿ ಡಿಕಿನ್ಸನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಬಾಬ್ ಕಚ್ಚಿಯೋನ್ 1967ರಲ್ಲಿ ಶುರುಮಾಡಿದ ಸಂಘದ ನಿಯಮದಂತೆ ಯಾರೂ ಸ್ವಂತ ಕುದುರೆ ತರುವಂತಿಲ್ಲ. ಆತಿಥೇಯ ಕಾಲೇಜಿನ ಕುದುರೆಗಳಿಗೆ ಚೀಟಿ ಎತ್ತಬೇಕು, ಹತ್ತಿದ ಕೂಡಲೇ ಅಂಕಣಕ್ಕಿಳಿಯಬೇಕು. ಪೆಂಟಾಥ್ಲಾನ್‌ಗಿಂತಲೂ ಕಠಿಣ ಎನಿಸುತ್ತದೆಯೇ? ಬೇಲಿಗಳು ತಗ್ಗಿನವು, ಕುದುರೆಗಳು ಪಳಗಿದವು, ಸವಾರರನ್ನು ಅನುಭವಕ್ಕೆ ತಕ್ಕಂತೆ ವಿಂಗಡಿಸಿರುತ್ತಾರೆ. ಕಾಸಿದ್ದವರ ಕುದುರೆ ಗೆಲ್ಲುವ ಆಟವಾಗದೆ, ಕುದುರೆ ಕೊಳ್ಳಲಾಗದ ಮನೆಯ ಮಕ್ಕಳೂ ಗೆಲ್ಲಬಲ್ಲ ಆಟವಾದದ್ದು ಹೀಗೆ.

ನಮ್ಮಲ್ಲಿ? ವಿದ್ಯೆ ಇರಲಿಲ್ಲ ಎನ್ನುವಂತಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣ, ಪಳಗಿಸುವಿಕೆ, ಕುದುರೆ ಏರಿ ಆಡುವ ಚೆಂಡಾಟ ಎಲ್ಲವನ್ನೂ ವಿವರಿಸಿದ. ಸುಮಾರು 1400ರಲ್ಲಿ ಅಭಿನವಚಂದ್ರ ಕನ್ನಡದಲ್ಲೇ ಅಶ್ವವೈದ್ಯದ ಗ್ರಂಥ ಬರೆದ. ಇನ್ನೊಂದೆಡೆ, 13ನೇ ಶತಮಾನದ ಕೊನೆಗೆ ತಮಿಳು ಕರಾವಳಿ ಕಂಡ ಮಾರ್ಕೊ ಪೋಲೊ ಬೇರೆಯೇ ಚಿತ್ರ ಕೊಡುತ್ತಾನೆ: ಹಡಗು ತುಂಬ ಬಂದ ಕುದುರೆಗಳು ಆರೈಕೆ ತಿಳಿಯದವರ ಕೈಯಲ್ಲಿ ವರ್ಷದೊಳಗೆ ಸಾಯುತ್ತಿದ್ದವು, ವ್ಯಾಪಾರಿಗಳು ಲಾಳ ಕಟ್ಟುವವರನ್ನು ಬೇಕೆಂದೇ ಕರೆತರುತ್ತಿರಲಿಲ್ಲ. ಕುದುರೆ ಸತ್ತಷ್ಟೂ ಅವರಿಗೆ ವ್ಯಾಪಾರ.

ನಮ್ಮ ಕೊರತೆ ಬೇರೆ ತರಹದ್ದು. ಇಲ್ಲಿ ಸವಾರ ಒಬ್ಬ, ಕುದುರೆ ನೋಡಿಕೊಳ್ಳುವ ಸೈಸ್ ಇನ್ನೊಬ್ಬ. ಮಾಲೀಷು ಮಾಡುವ, ಲದ್ದಿ ಬಾಚುವ, ರಾತ್ರಿ ಶೂಲೆ ಬಂದಾಗ ಕುದುರೆಯನ್ನು ನಡೆಸುತ್ತ ಎಚ್ಚರಿರುವ ಸೈಸ್‌ನ ಕೈಯಲ್ಲಿ ತಲೆಮಾರಿನ ತಿಳಿವಳಿಕೆ ಇದೆ, ಕಾಗದ ಇಲ್ಲ, ಸಂಬಳವೂ ಅಷ್ಟಕ್ಕಷ್ಟೆ. ಕಾಲೇಜು ಕಟ್ಟಿದ ದೇಶಗಳು ಈ ಎರಡು ಕೈಗಳನ್ನು ಒಂದು ಮಾಡಿದವು. ಪದವಿ ಮುಗಿಸಿದವರು ಸವಾರರೇ ಆಗಬೇಕಿಲ್ಲ. ಲಾಯದ ಮ್ಯಾನೇಜರು, ಮೇವಿನ ತಜ್ಞರು, ಜೀನು ಅಳತೆಗಾರರು, ಫಿಸಿಯೋಥೆರಪಿಸ್ಟ್, ಅಂಗವಿಕಲ ಮಕ್ಕಳಿಗೆ ಸವಾರಿ ಕಲಿಸುವವರು ಆಗುತ್ತಾರೆ.

ಬೆಂಗಳೂರಿನ ಫುವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದು, ಟೋಕಿಯೊದಲ್ಲಿ ಫೈನಲ್ ತಲುಪಿ 23ನೆಯವರಾದರು. ಅವರ ತಂದೆ ಕುದುರೆ ವೈದ್ಯರು. ಮಗನಿಗೆ ಲಾಯ ಮತ್ತು ಅಂಕಣ ಎರಡೂ ಒಂದೇ ಮನೆಯ ಮಾತಾಗಿತ್ತು. ಅಂಥ ಮನೆ ಇಲ್ಲದವರಿಗೆ ಇಲ್ಲಿ ಹತ್ತಿರದ ಬಾಗಿಲು ಹೆಬ್ಬಾಳದ್ದು. 1958ರಲ್ಲಿ ಆರಂಭವಾದ ಅಲ್ಲಿನ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿ ಎನ್‌ಸಿಸಿಯ ರಿಮೌಂಟ್ ಅಂಡ್ ವೆಟರಿನರಿ ಘಟಕವಿದೆ. ವೈದ್ಯ ಓದುವವರು ಖಾಕಿ ತೊಟ್ಟು ಕುದುರೆ ಉಜ್ಜುತ್ತಾರೆ, ಜೀನು ಬಿಗಿಯುತ್ತಾರೆ, ಸವಾರಿ ಕಲಿಯುತ್ತಾರೆ. ಗಣರಾಜ್ಯೋತ್ಸವದ ದೆಹಲಿ ಶಿಬಿರದಲ್ಲಿ ಇಂಥ ಘಟಕಗಳ ಕೆಡೆಟ್‌ಗಳಿಗೆ ಓಡುವ ಕುದುರೆಯ ಮೇಲಿಂದ ಈಟಿಯಲ್ಲಿ ಗೂಟ ಕೀಳುವ ಟೆಂಟ್ ಪೆಗ್ಗಿಂಗ್, ಬೇಲಿ ಹಾರಾಟದ ಸ್ಪರ್ಧೆಗಳಿರುತ್ತವೆ. ಪ್ರವೇಶ ಪರೀಕ್ಷೆ ಬರೆದು, ಐದೂವರೆ ವರ್ಷ ಓದಿ ವೈದ್ಯರಾಗುವವರಿಗೆ ಈ ದಾರಿ ಇದೆ. ಪಿಯುಸಿ ಮುಗಿಸಿ, ವೈದ್ಯರಾಗದೆ, ಕುದುರೆಯೊಂದಿಗೆ ಬದುಕಬೇಕೆನ್ನುವ ಹುಡುಗಿಗೂ, ಇಪ್ಪತ್ತು ವರ್ಷ ಲಾಯದಲ್ಲಿ ದುಡಿದ ಸೈಸ್‌ನ ಮಗನಿಗೂ ಒಂದು ದಾರಿ ಬೇಕು. ಜಾಗ, ಕುದುರೆ, ವೈದ್ಯರು ಮೂರೂ ಹೆಬ್ಬಾಳದಲ್ಲಿ ಈಗಾಗಲೇ ಇರುವುದರಿಂದ ಎರಡು ವರ್ಷದ ಒಂದು ಡಿಪ್ಲೊಮಾವನ್ನು ಅಲ್ಲಿಂದಲೇ ಆರಂಭಿಸಬಹುದು. ಅದರಲ್ಲಿ ಗೊರಸಿನ ಪಾಠಕ್ಕೆ ಹಳೆಯ ಸೈಸ್ ಒಬ್ಬರನ್ನೇ ಮೇಷ್ಟ್ರಾಗಿ ನೇಮಿಸಬೇಕು.