ಒಂದೇ ಸರಕು, ಇಬ್ಬರು ಗ್ರಾಹಕರು: ಗಣಕ ಯುದ್ಧತಂತ್ರದ ಆಟಗಳಿಂದ ಸಣ್ಣ ಉದ್ದಿಮೆಗೊಂದು ಪಾಠ

ಒಂದೇ ಸರಕನ್ನು ಎರಡು ಬಗೆಯ ಗ್ರಾಹಕರಿಗೆ ಮಾರಬೇಕಾದ ಸಂದರ್ಭವು ನಮ್ಮ ಸದಸ್ಯರಲ್ಲಿ ಬಹುತೇಕರಿಗೆ ಪರಿಚಿತವೇ. ರಾಜೀವನಗರದಲ್ಲಿ ಪೀಠೋಪಕರಣ ತಯಾರಿಸುವ ಒಂದು ಕಾರ್ಯಾಗಾರವನ್ನು ಊಹಿಸಿಕೊಳ್ಳೋಣ. ಮನೆಗೆಂದು ಒಂದು ಕುರ್ಚಿ ಕೊಳ್ಳುವವರಿಗೆ ಕೆತ್ತನೆ, ಹೊಳಪು, ಕುಳಿತಾಗಿನ ಸುಖ ಮುಖ್ಯ. ಶಾಲೆಗೆ ಇನ್ನೂರು ಕುರ್ಚಿ ಕೊಳ್ಳುವವರಿಗೆ ಪ್ರತಿಯೊಂದೂ ಒಂದೇ ಅಳತೆಯಲ್ಲಿರುವುದು ಮುಖ್ಯ. ಒಬ್ಬರನ್ನು ಮೆಚ್ಚಿಸಲು ಮಾಡಿದ ಬದಲಾವಣೆ ಇನ್ನೊಬ್ಬರಿಗೆ ದೋಷವಾಗಿ ತೋರುತ್ತದೆ. ಇದೇ ಸಮಸ್ಯೆಯನ್ನು ಭಾರಿ ಬಂಡವಾಳ ಹೂಡಿ ಎದುರಿಸಿದ ಉದ್ಯಮವೊಂದಿದೆ. ಅದು ರಿಯಲ್ ಟೈಮ್ ಸ್ಟ್ರಾಟಜಿ ಎಂಬ ಗಣಕ ಯುದ್ಧತಂತ್ರದ ಆಟಗಳ ಉದ್ಯಮ. ಅದರ ಅನುಭವ ವರ್ತಕರಿಗೂ ತಯಾರಕರಿಗೂ ಉಪಯುಕ್ತವಾದುದು.

ಆಟದ ಸ್ವರೂಪ

ಚದುರಂಗದಲ್ಲಿರುವಂತೆ ಇಲ್ಲಿ ಸರದಿ ಎಂಬುದಿಲ್ಲ. ಮರ, ಚಿನ್ನ, ಆಹಾರ ಸಂಗ್ರಹಿಸುವುದು, ಕಟ್ಟಡ ಕಟ್ಟುವುದು, ಸೈನ್ಯ ಬೆಳೆಸುವುದು, ಕಾದಾಡುವುದು ಎಲ್ಲವೂ ಏಕಕಾಲದಲ್ಲಿ ನಡೆಯುತ್ತವೆ. ಇಂತಹ ಆಟವನ್ನು ಕೊಳ್ಳುವವರಲ್ಲಿ ಎರಡು ವರ್ಗ. ಏಕಾಂಗಿಯಾಗಿ ಕಥೆಯನ್ನನುಸರಿಸಿ ಆಡುವವರು ಒಂದು ವರ್ಗ. ಅವರಿಗೆ ಹೊಸತನ, ವೈಭವ, ಗೆದ್ದ ತೃಪ್ತಿ ಬೇಕು. ತಮ್ಮ ಪಡೆ ತುಸು ಅತಿಯಾಗಿ ಬಲಿಷ್ಠವಾಗಿದ್ದರೂ ಅವರಿಗೆ ಬೇಸರವಿಲ್ಲ. ಮನುಷ್ಯ ಎದುರಾಳಿಯೊಡನೆ ಸ್ಪರ್ಧಿಸುವವರು ಇನ್ನೊಂದು ವರ್ಗ. ಅವರಿಗೆ ತಕ್ಕಡಿ ಕೂದಲೆಳೆಯಷ್ಟೂ ಓರೆಯಾಗಬಾರದು. ಒಂದು ದಳದ ಬೆಲೆ ಸ್ವಲ್ಪ ಅಗ್ಗವಾದರೂ ಎಲ್ಲರೂ ಅದನ್ನೇ ಆಡತೊಡಗುತ್ತಾರೆ, ಆಟ ಸಪ್ಪೆಯಾಗುತ್ತದೆ.

ಈ ಭೇದ ಮೈಸೂರಿಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲವು ಮಣೆಯಾಟಗಳನ್ನು ರೂಪಿಸಿದವರು. ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿಬರುವ ಏಕಾಂಗಿ ಸಮಸ್ಯೆಯಲ್ಲಿಯೂ ಅವರಿಗೆ ಅಪಾರ ಆಸಕ್ತಿಯಿತ್ತು. ಮಣೆ ಅದೇ, ಕುದುರೆಯ ನಡೆಯೂ ಅದೇ. ಆದರೆ ಒಬ್ಬನ ಬುದ್ಧಿಗೆ ಒಡ್ಡಿದ ಸವಾಲು ಬೇರೆ, ಇಬ್ಬರ ನಡುವಿನ ಪಂದ್ಯ ಬೇರೆ.

ಎರಡು ತಕ್ಕಡಿಗಳ ಉಪಾಯ

ಅಮೆರಿಕದ ಬ್ಲಿಝಾರ್ಡ್ ಸಂಸ್ಥೆಯು 1998ರಲ್ಲಿ ಸ್ಟಾರ್‌ಕ್ರಾಫ್ಟ್ ಆಟವನ್ನು ಹೊರತಂದಿತು. ದಕ್ಷಿಣ ಕೊರಿಯಾದಲ್ಲಿ ಅದು ವೃತ್ತಿಪರ ಸ್ಪರ್ಧೆಯಾಗಿಯೇ ಬೆಳೆಯಿತು. ದಳಗಳ ಬಲಾಬಲವನ್ನು ಸರಿದೂಗಿಸುವ ಕೊನೆಯ ಪ್ರಮುಖ ಪರಿಷ್ಕರಣೆ ಬಂದುದು 2001ರಲ್ಲಿ. ಅನಂತರ ಸಮತೋಲ ಕಾಯ್ದವರು ಬಹುಮಟ್ಟಿಗೆ ರಣರಂಗದ ನಕ್ಷೆಗಳನ್ನು ರಚಿಸುವವರು. ಸರಕನ್ನು ಮುಟ್ಟದೆ ಸಂತೆಯ ಅಂಗಳವನ್ನೇ ತಿದ್ದಿದಂತೆ.

2010ರಲ್ಲಿ ಬಂದ ಸ್ಟಾರ್‌ಕ್ರಾಫ್ಟ್ 2 ಇನ್ನೂ ಸ್ಪಷ್ಟವಾದ ಮಾರ್ಗ ಹಿಡಿಯಿತು. ಹಳೆಯ ಆಟದ ಫೈರ್‌ಬ್ಯಾಟ್, ಮೆಡಿಕ್, ಗೋಲಿಯಾತ್ ಮುಂತಾದ ದಳಗಳನ್ನು ಏಕಾಂಗಿ ಕಥಾಭಾಗದಲ್ಲಿ ಉಳಿಸಿಕೊಂಡು ಸ್ಪರ್ಧಾ ವಿಭಾಗದಿಂದ ಕೈಬಿಟ್ಟಿತು. ಒಂದೇ ಮೂಲಯಂತ್ರ, ಎರಡು ದರಪಟ್ಟಿ ಎನ್ನಬಹುದು. 2015ರಲ್ಲಿ ಇಬ್ಬರು ಜೊತೆಗೂಡಿ ಗಣಕವನ್ನು ಎದುರಿಸುವ ಮೂರನೆಯ ವಿಭಾಗವೂ ಸೇರಿತು. ಅದರಲ್ಲಿ ಹೊಸ ಸೇನಾನಿಗಳನ್ನು ಪ್ರತ್ಯೇಕ ಬೆಲೆಗೆ ಮಾರಲಾಯಿತು. 2017ರಲ್ಲಿ ಸ್ಪರ್ಧಾ ವಿಭಾಗ ಉಚಿತವಾಯಿತು.

ಲೆಕ್ಕಪತ್ರದ ದೃಷ್ಟಿ

ವೆಚ್ಚದ ಸ್ವರೂಪದಲ್ಲಿಯೇ ಇವೆರಡೂ ಭಿನ್ನವಾದವು. ಕಥಾಭಾಗದ ವೆಚ್ಚವು ಬಹುಪಾಲು ಮೊದಲೇ, ಒಂದೇ ಬಾರಿಗೆ ಆಗುತ್ತದೆ. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಶೋಧನಾ ಹಂತದ ಖರ್ಚನ್ನು ಆಯಾ ವರ್ಷದ ಲಾಭನಷ್ಟಕ್ಕೇ ಹಾಕಬೇಕು. ಅಭಿವೃದ್ಧಿ ಹಂತದ ಖರ್ಚು ನಿಗದಿತ ಷರತ್ತುಗಳನ್ನು ಪೂರೈಸಿದಲ್ಲಿ ಅಮೂರ್ತ ಆಸ್ತಿಯಾಗುತ್ತದೆ. ಸ್ಪರ್ಧಾ ವಿಭಾಗ ಹಾಗಲ್ಲ. ಸರ್ವರ್ ಬಾಡಿಗೆ, ಮೋಸ ತಡೆಗಟ್ಟುವಿಕೆ, ಬಲಾಬಲದ ನಿರಂತರ ತಿದ್ದುಪಡಿ ಇವು ಆಟ ಜೀವಂತವಾಗಿರುವವರೆಗೂ ನಿಲ್ಲದ ಖರ್ಚುಗಳು. ಒಂದು ಯಂತ್ರ ಕೊಂಡಂತೆ, ಇನ್ನೊಂದು ಸಂಬಳ ಕೊಟ್ಟಂತೆ. ಎರಡನ್ನೂ ಒಂದೇ ಖಾತೆಗೆ ಬರೆದರೆ ಯಾವ ಗ್ರಾಹಕನಿಂದ ಲಾಭ, ಯಾರಿಂದ ನಷ್ಟ ಎಂಬುದು ತಿಳಿಯುವುದೇ ಇಲ್ಲ.

ಎಡವಿದವರು, ನಿಂತವರು

2017ರ ಏಪ್ರಿಲ್‌ನಲ್ಲಿ ಬಂದ ಡಾನ್ ಆಫ್ ವಾರ್ 3 ಇಬ್ಬರನ್ನೂ ಒಲಿಸಿಕೊಳ್ಳಲು ಹೊರಟು ಇಬ್ಬರ ಅಸಮಾಧಾನಕ್ಕೂ ಗುರಿಯಾಯಿತು. ವರ್ಷ ತುಂಬುವ ಮೊದಲೇ, 2018ರ ಫೆಬ್ರವರಿಯಲ್ಲಿ, ಹೊಸ ಸೇರ್ಪಡೆಗಳು ಇನ್ನಿಲ್ಲವೆಂದು ತಯಾರಕರು ಘೋಷಿಸಿದರು. ಸ್ಟಾರ್‌ಕ್ರಾಫ್ಟ್ ತಯಾರಿಕೆಯಲ್ಲಿ ಪಳಗಿದವರು ಕಟ್ಟಿದ ಸ್ಟಾರ್ಮ್‌ಗೇಟ್ ಆಟವು 2024ರಲ್ಲಿ ಕಥಾಭಾಗ, ಸಹಕಾರಿ ಆಟ, ಸ್ಪರ್ಧೆ ಮೂರನ್ನೂ ಅಪೂರ್ಣ ರೂಪದಲ್ಲಿ ಒಟ್ಟಿಗೇ ಅಂಗಡಿಗಿಟ್ಟು ಟೀಕೆಗೊಳಗಾಯಿತು. ಅನುಭವಕ್ಕೆ ಕೊರತೆಯಿರಲಿಲ್ಲ, ಮೂರು ದಿಕ್ಕಿಗೆ ಹಂಚಿದ ಶ್ರಮವೇ ತೆಳುವಾಯಿತು.

ಇದಕ್ಕೆ ವಿರುದ್ಧವಾಗಿ ಸ್ಪೇನ್ ದೇಶದ ಸಣ್ಣ ಸಂಸ್ಥೆಯೊಂದು 2017ರಲ್ಲಿ ದೇ ಆರ್ ಬಿಲಿಯನ್ಸ್ ಎಂಬ ಆಟವನ್ನು ಏಕಾಂಗಿ ಆಟಗಾರರಿಗಾಗಿಯೇ ತಂದಿತು. ಮೊದಲು ಒಂದೇ ವಿಭಾಗ. ಅದು ಗ್ರಾಹಕರನ್ನು ಗಳಿಸಿದ ಮೇಲೆ 2019ರಲ್ಲಿ ಕಥಾಭಾಗ. ಸ್ಪರ್ಧೆಯ ಗೋಜಿಗೇ ಹೋಗಲಿಲ್ಲ. ಎರಡೂ ಕೈಯಲ್ಲಿ ನಡೆಸಿದವರೂ ಇಲ್ಲದಿಲ್ಲ. 1999ರ ಏಜ್ ಆಫ್ ಎಂಪೈರ್ಸ್ 2 ಆಟಕ್ಕೆ 2022ರಲ್ಲಿ ಸೇರಿದ ಭಾರತೀಯ ರಾಜವಂಶಗಳ ಭಾಗದಲ್ಲಿ ಸ್ಪರ್ಧಿಗಳಿಗೆ ದ್ರಾವಿಡ, ಬಂಗಾಳಿ, ಗುರ್ಜರ ಪಡೆಗಳು ದೊರೆತರೆ, ಏಕಾಂಗಿ ಆಟಗಾರರಿಗೆ ರಾಜೇಂದ್ರ ಚೋಳ ಸೇರಿದಂತೆ ಮೂವರು ಅರಸರ ಕಥೆಗಳು ದೊರೆತವು. ಆದರೆ ಅದರ ಬೆನ್ನಿಗೆ ಎರಡು ದಶಕಗಳ ಗ್ರಾಹಕ ಬಳಗವಿತ್ತೆಂಬುದನ್ನು ಮರೆಯಬಾರದು.

ನಮ್ಮಲ್ಲಿ ಅವಕಾಶ

ಕರ್ನಾಟಕವು ಆನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕಾಗಿ 2012ರಲ್ಲಿಯೇ ಪ್ರತ್ಯೇಕ ನೀತಿ ರೂಪಿಸಿತು. 2024–29ರ ಅವಧಿಗೆ ಹೊಸ ನೀತಿ ಬಂದಿದೆ. ಬೆಂಗಳೂರಿನಾಚೆಗೆ ಉದ್ಯಮ ಬೆಳೆಸುವ ಸರ್ಕಾರದ ಯೋಜನೆಯಲ್ಲಿ ಮೈಸೂರೂ ಸೇರಿದೆ. ಕೇಂದ್ರದ 2025ರ ಆನ್‌ಲೈನ್ ಗೇಮಿಂಗ್ ಅಧಿನಿಯಮವು ಹಣವನ್ನು ಪಣಕ್ಕೊಡ್ಡುವ ಆಟಗಳನ್ನು ನಿಷೇಧಿಸಿ, ಕೌಶಲ್ಯದ ಇ–ಸ್ಪೋರ್ಟ್ಸನ್ನು ಬೇರೆಯಾಗಿಯೇ ಗುರುತಿಸಿದೆ. ಸ್ಪರ್ಧೆಗಳನ್ನು ಪ್ರಾಯೋಜಿಸಲು ಇಚ್ಛಿಸುವ ವರ್ತಕರು, ಪ್ರವೇಶ ಶುಲ್ಕಕ್ಕೂ ಪಣಕ್ಕೂ ಇರುವ ವ್ಯತ್ಯಾಸವನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಒಳಿತು.

ಯಾವ ಸರಕಿಗಾದರೂ ಅನ್ವಯಿಸುವ ಮೂರು ಸೂತ್ರಗಳು ಹೀಗಿವೆ. ಮೊದಲನೆಯದಾಗಿ, ಇಬ್ಬರು ಗ್ರಾಹಕರಿಗೂ ಸಮಾನವಾದ ಭಾಗವನ್ನು ಒಮ್ಮೆ ಗಟ್ಟಿಯಾಗಿ ಮಾಡಿ, ವ್ಯತ್ಯಾಸವನ್ನು ಹೊರಮೈಯಲ್ಲಿ ಇಡಬೇಕು. ಎರಡನೆಯದಾಗಿ, ಇಬ್ಬರ ವೆಚ್ಚಕ್ಕೂ ಪ್ರತ್ಯೇಕ ಖಾತೆ ತೆರೆಯಬೇಕು. ಮೂರನೆಯದಾಗಿ, ಬಂಡವಾಳ ಒಬ್ಬರಿಗೆ ಮಾತ್ರ ಸಾಲುವಂತಿದ್ದರೆ ಅವರೊಬ್ಬರನ್ನೇ ಪೂರ್ಣವಾಗಿ ತೃಪ್ತಿಪಡಿಸಬೇಕು. ಗಟ್ಟಿಯಾಗಿ ದೂರುವ ಗ್ರಾಹಕನ ದನಿ ನಮಗೆ ಬೇಗ ಕೇಳುತ್ತದೆ. ಮೌನವಾಗಿ ಕೊಂಡು ಹೋಗುವವನ ಲೆಕ್ಕ ಖಾತೆ ಪುಸ್ತಕದಲ್ಲಿ ಮಾತ್ರ ಕಾಣುತ್ತದೆ. ನಿರ್ಧಾರಕ್ಕೆ ಮುನ್ನ ಆ ಪುಸ್ತಕವನ್ನು ತೆರೆದು ನೋಡುವುದು ಉದ್ಯಮಿಯ ಕರ್ತವ್ಯ.