ಪಟದಲ್ಲಿರುವ ಇವರು ಯಾರು?

1863ರ ಜುಲೈ ತಿಂಗಳ ಮೊದಲ ವಾರ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗೆಟಿಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಮೂರು ದಿನಗಳ ಘೋರ ಕಾಳಗ ಆಗಷ್ಟೇ ಮುಗಿದಿತ್ತು. ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ 1861ರಿಂದ ನಡೆಯುತ್ತಿದ್ದ ಅಂತರ್ಯುದ್ಧದ ನಿರ್ಣಾಯಕ ಘಟ್ಟ ಅದು. ಊರೊಳಗಿನ ಬೀದಿಯೊಂದರ ಬಳಿ ಉತ್ತರದ ಸೇನೆಯ ಸಿಪಾಯಿಯೊಬ್ಬನ ಹೆಣ ಬಿದ್ದಿತ್ತು. ಆತ ಯಾರೆಂದು ಹೇಳುವ ಕಾಗದವಾಗಲಿ, ಗುರುತಾಗಲಿ ಮೈಮೇಲೆ ಇರಲಿಲ್ಲ. ಸಿಪಾಯಿಯ ಕೊರಳಿಗೆ ಹೆಸರಿನ ಬಿಲ್ಲೆ ಹಾಕುವ ಕ್ರಮ ಅಮೆರಿಕದ ಸೇನೆಗೆ ಬಂದದ್ದು 1906ರಲ್ಲಿ. ಸತ್ತವನ ಕೈಯಲ್ಲಿ ಇದ್ದದ್ದು ಗಾಜಿನ ಮೇಲೆ ತೆಗೆದ ಒಂದು ಪುಟ್ಟ ಪಟ. ಅದರಲ್ಲಿ ಮೂವರು ಮಕ್ಕಳು.

ಆ ಪಟ ಹತ್ತಿರದ ಹಳ್ಳಿಯೊಂದರ ವಸತಿಗೃಹದ ಯಜಮಾನನ ಮನೆ ಸೇರಿತು. ಗಾಯಾಳುಗಳ ಶುಶ್ರೂಷೆಗೆಂದು ಫಿಲಡೆಲ್ಫಿಯಾದಿಂದ ಹೊರಟಿದ್ದ ಡಾ. ಜಾನ್ ಫ್ರಾನ್ಸಿಸ್ ಬೋರ್ನ್ಸ್ ಎಂಬ ವೈದ್ಯರು ಗಾಡಿ ಕೆಟ್ಟು ಅಲ್ಲಿ ನಿಂತಾಗ ಅದನ್ನು ಕಂಡರು. ಈ ಮಕ್ಕಳಿಗೆ ತಂದೆ ಸತ್ತ ಸುದ್ದಿಯಾದರೂ ಮುಟ್ಟಬೇಡವೇ ಎಂದುಕೊಂಡು ಪಟವನ್ನು ಕೇಳಿ ಪಡೆದರು.

1863ರ ಅಕ್ಟೋಬರ್ 19ರಂದು ‘ಫಿಲಡೆಲ್ಫಿಯಾ ಇನ್‌ಕ್ವೈರರ್’ ಪತ್ರಿಕೆ, ಸತ್ತವನು ಯಾರ ತಂದೆ ಎಂದು ಕೇಳುವ ತಲೆಬರಹದೊಡನೆ ಈ ಸಂಗತಿಯನ್ನು ಪ್ರಕಟಿಸಿತು. ಛಾಯಾಚಿತ್ರವನ್ನು ಪತ್ರಿಕೆಯಲ್ಲಿ ಅಚ್ಚು ಮಾಡುವ ತಂತ್ರ ಆಗ ಇರಲಿಲ್ಲ. ಹಾಗಾಗಿ ಪಟವನ್ನು ಮಾತಿನಲ್ಲೇ ಬಿಡಿಸಬೇಕಾಯಿತು: ಇಬ್ಬರು ಹುಡುಗರು, ಒಬ್ಬಳು ಹುಡುಗಿ, ಎಲ್ಲರಿಗಿಂತ ಚಿಕ್ಕವನು ನಡುವೆ ಎತ್ತರದ ಕುರ್ಚಿಯಲ್ಲಿ, ದೊಡ್ಡ ಹುಡುಗನ ಅಂಗಿ, ಹುಡುಗಿಯ ಫ್ರಾಕು ಎರಡೂ ಒಂದೇ ಬಟ್ಟೆಯವು. ಹಬ್ಬಕ್ಕೆ ಒಂದೇ ತಾನಿನಲ್ಲಿ ಮನೆಮಕ್ಕಳಿಗೆಲ್ಲ ಬಟ್ಟೆ ಹೊಲಿಸುವ ಪದ್ಧತಿ ಕಂಡವರಿಗೆ ಈ ವಿವರದ ಬೆಲೆ ಗೊತ್ತು.

ಬೇರೆ ಪತ್ರಿಕೆಗಳೂ ಸುದ್ದಿಯನ್ನು ಎತ್ತಿ ಹಾಕಿದವು. ಅದರಲ್ಲೊಂದು ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್ ಎಂಬ ಊರು ಮುಟ್ಟಿತು. ಅಲ್ಲಿದ್ದ ಫಿಲಿಂಡಾ ಹ್ಯೂಮಿಸ್ಟನ್ ಎಂಬಾಕೆಗೆ ಗೆಟಿಸ್‌ಬರ್ಗ್ ಕಾಳಗದ ನಂತರ ಗಂಡನಿಂದ ಪತ್ರ ಬಂದಿರಲಿಲ್ಲ. ಅಂಥದೇ ಒಂದು ಪಟವನ್ನು ತೆಗೆಸಿ ಆಕೆ ಗಂಡನಿಗೆ ಕಳುಹಿಸಿದ್ದರು. ವೈದ್ಯರಿಗೆ ಪತ್ರ ಹೋಯಿತು. ಪಟದ ಪ್ರತಿ ಬಂತು. ಸಂಶಯ ಉಳಿಯಲಿಲ್ಲ. ಮಕ್ಕಳು ಫ್ರಾಂಕ್, ಆಲಿಸ್ ಮತ್ತು ಫ್ರೆಡ್. ಸತ್ತವನು 154ನೇ ನ್ಯೂಯಾರ್ಕ್ ದಳದ ಏಮಸ್ ಹ್ಯೂಮಿಸ್ಟನ್, ಕುದುರೆಗಳ ಸಜ್ಜು ಹೊಲಿಯುವ ಕಸುಬಿನವನು. ತಾನು ವಿಧವೆ, ಮಕ್ಕಳು ತಬ್ಬಲಿಗಳು ಎಂಬುದು ಆಕೆಗೆ ಖಚಿತವಾದದ್ದು ತಾವೇ ತೆಗೆಸಿ ಕಳುಹಿಸಿದ ಪಟದಿಂದ.

ಆ ಪಟದ ಜಾಡು ಮೊದಲು ಸಿಕ್ಕಿದ್ದು ಮುಖಗಳಿಂದಲ್ಲ. ಕುರ್ಚಿ, ಬಟ್ಟೆ, ಮಕ್ಕಳು ಕುಳಿತ ಕ್ರಮ ಇವುಗಳಿಂದ. ಇವನ್ನು ಬಲ್ಲ ತಾಯಿ ಬದುಕಿದ್ದರು. ಅಂಥವರು ತೀರಿಕೊಂಡ ಮೇಲೆ ಯುದ್ಧಕಾಲದ ಮನೆಪಟದಲ್ಲಿರುವವರನ್ನು ಗುರುತಿಸುವುದು ಹೇಗೆ?

ಮೊದಲು ಕಾಲ, ಆಮೇಲೆ ಮುಖ

ಹಳೆಯ ಪಟ ಕೈಗೆ ಸಿಕ್ಕೊಡನೆ ಎಲ್ಲರ ಕಣ್ಣೂ ಹೋಗುವುದು ಮುಖದ ಕಡೆಗೆ. ‘ಮೂಗು ನೋಡಿ, ಥೇಟ್ ನಮ್ಮ ಅಜ್ಜನದೇ’ ಎಂದು ಯಾರಾದರೂ ಒಬ್ಬರು ಅಂದರೆ ಸಾಕು, ಉಳಿದವರಿಗೂ ಹಾಗೆಯೇ ಕಾಣತೊಡಗುತ್ತದೆ. ಈ ಕೆಲಸದಲ್ಲಿ ಪಳಗಿದವರು ಮುಖವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಅಜ್ಜನ ಮೂಗು ಅಜ್ಜನ ತಮ್ಮನಿಗೂ, ಚಿಕ್ಕಪ್ಪನ ಮಕ್ಕಳಿಗೂ ಬಂದಿರುತ್ತದೆ. ಒಂದೇ ಸಮವಸ್ತ್ರ, ಒಂದೇ ಬಗೆಯ ಕ್ಷೌರ ಇದ್ದರಂತೂ ದಳದ ಅರ್ಧ ಮಂದಿ ಅಣ್ಣತಮ್ಮಂದಿರ ಹಾಗೆ ಕಾಣುತ್ತಾರೆ.

ಮೊದಲು ತಿಳಿಯಬೇಕಾದದ್ದು ಪಟ ತೆಗೆದ ಕಾಲ. ಪಟ ಯಾವುದರ ಮೇಲೆ ಮೂಡಿದೆ ಎಂಬುದೇ ಒಂದು ಸುಳಿವು. ಗಾಜಿನ ಮೇಲಿನ ಆಂಬ್ರೊಟೈಪ್ 1850ರ ದಶಕದಲ್ಲಿ ಬಳಕೆಗೆ ಬಂತು. ಅದರ ಹಿಂದೆಯೇ ಕಬ್ಬಿಣದ ತೆಳು ತಗಡಿನ ಟಿನ್‌ಟೈಪ್ ಬಂತು. ವಿಸಿಟಿಂಗ್ ಕಾರ್ಡಿನ ಅಳತೆಯ ರಟ್ಟಿಗೆ ಅಂಟಿಸಿದ ಕಾಗದದ ಪಟಕ್ಕೆ ಪ್ಯಾರಿಸ್ಸಿನ ದಿಸ್ದೇರಿ 1854ರಲ್ಲಿ ಪೇಟೆಂಟ್ ಪಡೆದ. ಅಮೆರಿಕದ ಪಟವೊಂದರ ಬೆನ್ನಿನಲ್ಲಿ ತೆರಿಗೆಯ ಸ್ಟಾಂಪು ಇದ್ದರೆ ಹುಡುಕಾಟ ಇನ್ನೂ ಸುಲಭ. ಯುದ್ಧದ ವೆಚ್ಚ ತುಂಬಿಸಲು ಅಲ್ಲಿನ ಸರ್ಕಾರ ಛಾಯಾಚಿತ್ರಗಳ ಮೇಲೆ ಹಾಕಿದ್ದ ತೆರಿಗೆ 1864ರ ಸೆಪ್ಟೆಂಬರ್‌ನಿಂದ 1866ರ ಆಗಸ್ಟ್ ಆರಂಭದವರೆಗೆ ಮಾತ್ರ ಇತ್ತು. ಸ್ಟಾಂಪು ಇದೆಯೆಂದರೆ ಪಟ ಮಾರಾಟವಾದದ್ದು ಆ ಎರಡು ವರ್ಷಗಳೊಳಗೆ.

ಸಮವಸ್ತ್ರವೂ ಪಂಚಾಂಗದ ಹಾಗೆ ಕೆಲಸ ಮಾಡುತ್ತದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಗಾಯಗೊಂಡವರಿಗೆ ಎಡತೋಳಿನ ಮೇಲೆ ನೆಟ್ಟಗಿನ ಚಿನ್ನದ ಬಣ್ಣದ ಪಟ್ಟಿ ಕೊಡತೊಡಗಿದ್ದು 1916ರಲ್ಲಿ. ಹೊರದೇಶದಲ್ಲಿ ಮಾಡಿದ ಸೇವೆಗೆ ಬಲತೋಳಿನ ಕೆಳಗೆ ಪುಟ್ಟ ಕೋನಪಟ್ಟಿಗಳು ಬಂದದ್ದು 1918ರ ಹೊತ್ತಿಗೆ. ತೋಳಿನ ಮೇಲೆ ಅಂಥ ಪಟ್ಟಿ ಇರುವವನ ಪಟವನ್ನು ‘1914ರಲ್ಲಿ ದಂಡಿಗೆ ಹೊರಟಾಗ ತೆಗೆಸಿದ್ದು’ ಎಂದು ಮನೆಯವರು ಹೇಳುತ್ತಿದ್ದರೆ, ವರ್ಷ ತಪ್ಪಿರಬೇಕು ಇಲ್ಲವೇ ವ್ಯಕ್ತಿ ತಪ್ಪಿರಬೇಕು.

ಕಣ್ಣಿಗೆ ಮೋಸ ಮಾಡುವ ಸಂಗತಿಯೂ ಒಂದಿದೆ. ಆಂಬ್ರೊಟೈಪ್, ಟಿನ್‌ಟೈಪ್‌ಗಳಲ್ಲಿ ಸಾಮಾನ್ಯವಾಗಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲವಾಗಿರುತ್ತದೆ. ಅಮೆರಿಕದ ಕುಖ್ಯಾತ ಬಂದೂಕುಗಾರ ಬಿಲ್ಲಿ ದಿ ಕಿಡ್ ಎಡಚನೆಂಬ ನಂಬಿಕೆ ಬಹುಕಾಲ ಉಳಿದದ್ದು ಇಂಥದೇ ಒಂದು ಟಿನ್‌ಟೈಪ್‌ನಿಂದ. ಕೋಟಿನ ಗುಂಡಿಗಳು ಯಾವ ಕಡೆಗಿವೆ, ಅಕ್ಷರ ತಿರುಗಿದೆಯೇ ಎಂದು ನೋಡಿಯೇ ಎಡ ಬಲ ನಿರ್ಧರಿಸಬೇಕು.

ಕಾಲ ಗೊತ್ತಾದ ಮೇಲೆ ಲೆಕ್ಕ ಶುರು. ಆ ವರ್ಷ ಕುಟುಂಬದಲ್ಲಿ ಯಾರು ಬದುಕಿದ್ದರು, ಯಾರಿಗೆ ಎಷ್ಟು ವಯಸ್ಸು, ಯಾರ ಮದುವೆಯಾಗಿತ್ತು, ಯಾರು ಊರಲ್ಲಿದ್ದರು ಎಂದು ಪಟ್ಟಿ ಮಾಡಿದರೆ ಅರ್ಧದಷ್ಟು ಹೆಸರು ತಾನಾಗಿಯೇ ಬಿದ್ದುಹೋಗುತ್ತವೆ. ಮಡಿಲಿನ ಕೂಸು ಇದರಲ್ಲಿ ಬಹು ಉಪಕಾರಿ. ಅದು ಹುಟ್ಟಿದ ವರ್ಷ ಗೊತ್ತಾದರೆ ಇಡೀ ಪಟದ ವರ್ಷ ಗೊತ್ತಾದಂತೆ. ಉಳಿದ ಎರಡು ಮೂರು ಹೆಸರುಗಳ ನಡುವೆ ಆರಿಸುವಾಗಷ್ಟೇ ಮುಖ ನೆರವಿಗೆ ಬರಬೇಕು.

ಮುಖ ಹೋಲಿಸುವ ಕೆಲಸಕ್ಕೆ ಈಗ ಕಂಪ್ಯೂಟರ್ ಬಂದಿದೆ. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಕರ್ಟ್ ಲೂಥರ್ 2013ರಲ್ಲಿ ಪಿಟ್ಸ್‌ಬರ್ಗ್‌ನ ವಸ್ತುಪ್ರದರ್ಶನವೊಂದರಲ್ಲಿ, ಅಂತರ್ಯುದ್ಧದಲ್ಲಿ ಹೋರಾಡಿದ್ದ ತಮ್ಮದೇ ಪೂರ್ವಜರೊಬ್ಬರ ಪಟವನ್ನು ಮೊದಲ ಬಾರಿಗೆ ಕಂಡರು. ಆ ಅನುಭವದಿಂದ ಹುಟ್ಟಿದ್ದು 2018ರಲ್ಲಿ ಆರಂಭವಾದ ‘ಸಿವಿಲ್ ವಾರ್ ಫೋಟೊ ಸ್ಲೂತ್’. ಅಪರಿಚಿತ ಸಿಪಾಯಿಯ ಪಟ ಕೊಟ್ಟರೆ ಅದು ಹೋಲುವ ಮುಖಗಳನ್ನು ಮುಂದಿಡುತ್ತದೆ. ದರ್ಜೆ, ದಳ, ಸಮವಸ್ತ್ರ ತಾಳೆಯಾಗುತ್ತವೆಯೇ ಎಂದು ನೋಡಿ ತೀರ್ಮಾನ ಹೇಳಬೇಕಾದವನು ಮನುಷ್ಯನೇ.

ನೆನಪು ಎಂಬ ಸಾಕ್ಷಿ

ಹಾಗಾದರೆ ಮನೆಯ ಹಿರಿಯರ ನೆನಪಿಗೆ ಬೆಲೆಯಿಲ್ಲವೇ? ಜಗತ್ತಿನಲ್ಲೇ ಅತಿ ಹೆಚ್ಚು ಜನ ನೋಡಿರುವ ಯುದ್ಧಚಿತ್ರಗಳಲ್ಲಿ ಒಂದು ಈ ಪ್ರಶ್ನೆಗೆ ಎರಡೂ ಬಗೆಯ ಉತ್ತರ ಕೊಡುತ್ತದೆ.

1945ರ ಫೆಬ್ರವರಿ 23ರಂದು ಜಪಾನಿನ ಇವೊಜಿಮಾ ದ್ವೀಪದ ಬೆಟ್ಟದ ಮೇಲೆ ಅಮೆರಿಕದ ಆರು ಯೋಧರು ಧ್ವಜ ನೆಡುತ್ತಿದ್ದುದನ್ನು ಅಸೋಸಿಯೇಟೆಡ್ ಪ್ರೆಸ್‌ನ ಜೋ ರೋಸೆಂತಾಲ್ ಸೆರೆಹಿಡಿದರು. ಕಂಬದ ಬುಡದಲ್ಲಿ ಬಾಗಿದ ಯೋಧನ ಬೆನ್ನು ಮಾತ್ರ ಕಾಣುತ್ತದೆ. ಪತ್ರಿಕೆಯಲ್ಲಿ ಚಿತ್ರ ನೋಡಿದೊಡನೆ ಟೆಕ್ಸಾಸ್‌ನ ತಾಯಿಯೊಬ್ಬರು, ಬೆಲ್ ಬ್ಲಾಕ್, ಇವನು ತಮ್ಮ ಮಗ ಹಾರ್ಲನ್ ಎಂದರು. ಸೇನೆ ಬೇರೊಬ್ಬನ ಹೆಸರು ಹೇಳಿತ್ತು. ಹಾರ್ಲನ್ ಅದೇ ದ್ವೀಪದಲ್ಲಿ ಮಡಿದಿದ್ದ. ಚಿತ್ರದಲ್ಲಿದ್ದ ಇನ್ನೊಬ್ಬ ಯೋಧ ಐರಾ ಹೇಯ್ಸ್ 1946ರಲ್ಲಿ ಆ ಮನೆಗೆ ಬಂದು ನಿಜ ತಿಳಿಸಿದ. 1947ರಲ್ಲಿ ಸೇನೆ ಹೆಸರು ತಿದ್ದಿತು. ಬೆನ್ನು ನೋಡಿಯೇ ತಾಯಿ ಗುರುತಿಸಿದ್ದು ಸರಿಯಾಗಿತ್ತು.

ಅದೇ ಚಿತ್ರದಲ್ಲಿ ನೌಕಾದಳದ ವೈದ್ಯಕೀಯ ಸಹಾಯಕ ಜಾನ್ ಬ್ರಾಡ್ಲಿ ಇದ್ದಾರೆಂದು ದೇಶವೇ ನಂಬಿತ್ತು. ಮಗ ಬರೆದ ಪುಸ್ತಕ 2000ದಲ್ಲಿ ಹೊರಬಂದು ಬಹಳ ಜನಪ್ರಿಯವಾಯಿತು. ಆದರೆ 2014ರಲ್ಲಿ ಹವ್ಯಾಸಿ ಇತಿಹಾಸಕಾರರಿಬ್ಬರು ಆ ದಿನದ ಬೇರೆ ಪಟಗಳಲ್ಲಿನ ಬ್ರಾಡ್ಲಿಯ ಪ್ಯಾಂಟು, ಸೊಂಟದ ಪಟ್ಟಿಗಳನ್ನು ಹೋಲಿಸಿ ಇವು ತಾಳೆಯಾಗುವುದಿಲ್ಲ ಎಂದು ತೋರಿಸಿದರು. ಸೇನೆ ವಿಚಾರಣೆ ನಡೆಸಿ 2016ರಲ್ಲಿ ಆರು ಮಂದಿಯ ಪಟ್ಟಿಯಿಂದ ಬ್ರಾಡ್ಲಿಯನ್ನು ಬಿಟ್ಟು ಹೆರಾಲ್ಡ್ ಶುಲ್ಟ್ಸ್ ಹೆಸರು ಸೇರಿಸಿತು. 2019ರಲ್ಲಿ ಮತ್ತೊಂದು ತಿದ್ದುಪಡಿಯಾಗಿ ರೆನೆ ಗ್ಯಾನ್ಯನ್ ಜಾಗಕ್ಕೆ ಹೆರಾಲ್ಡ್ ಕೆಲ್ಲರ್ ಬಂದರು. ಶುಲ್ಟ್ಸ್ 1995ರಲ್ಲಿ, ಕೆಲ್ಲರ್ 1979ರಲ್ಲಿ, ಇಬ್ಬರೂ ಪ್ರಚಾರವಿಲ್ಲದೆ ತೀರಿಕೊಂಡಿದ್ದರು.

ಒಂದು ಮನೆಯ ನೆನಪು ಸರಿ, ಇನ್ನೊಂದು ಮನೆಯ ನೆನಪು ತಪ್ಪು. ಎರಡರಲ್ಲೂ ಪ್ರಾಮಾಣಿಕತೆಗೆ ಕೊರತೆಯಿರಲಿಲ್ಲ. ಹಿರಿಯರ ಮಾತು ಸಾಕ್ಷ್ಯವೇ ಸರಿ. ಸಾಕ್ಷ್ಯವನ್ನು ಪರೀಕ್ಷಿಸಿಯೇ ತೀರ್ಪು ಕೊಡಬೇಕು. ಆದ್ದರಿಂದಲೇ ಪಟವನ್ನು ಹಿರಿಯರಿಗೆ ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ ತೋರಿಸುವುದು ಒಳ್ಳೆಯದು. ಎಲ್ಲರನ್ನೂ ಕೂಡಿಸಿ ಕೇಳಿದರೆ ಗಟ್ಟಿ ದನಿಯವರ ಮಾತೇ ಎಲ್ಲರ ನೆನಪಾಗುತ್ತದೆ. ‘ಇವರು ದೊಡ್ಡಜ್ಜ ಅಲ್ಲವೇ?’ ಎಂದು ಕೇಳುವುದಕ್ಕಿಂತ ‘ಇವರು ಯಾರು?’ ಎಂದು ಕೇಳಿ ಸುಮ್ಮನಿರುವುದು ಮೇಲು.

ನಮ್ಮ ಗೋಡೆಯ ಮೇಲಿನ ಪಟಗಳು

ಇದು ದೂರದ ದೇಶಗಳ ಕತೆ ಮಾತ್ರವಲ್ಲ. ಮೊದಲ ಮಹಾಯುದ್ಧದಲ್ಲಿ ಸುಮಾರು 13 ಲಕ್ಷ ಭಾರತೀಯರು ದುಡಿದರು. ಎರಡನೆಯದರಲ್ಲಿ ಭಾರತದ ಸೇನೆಯ ಸಂಖ್ಯೆ 25 ಲಕ್ಷದಷ್ಟಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಯೋಧರನ್ನು ನೆನಪಿಸುತ್ತವೆ. ಕೊಡಗಿನಲ್ಲಂತೂ ಸೇನೆಗೆ ಆಳು ಕೊಡದ ಮನೆತನ ಅಪರೂಪ. ಹೊರಡುವ ಮುನ್ನವೋ, ರಜೆಯಲ್ಲಿ ಬಂದಾಗಲೋ ಸ್ಟುಡಿಯೋಗೆ ಹೋಗಿ ತೆಗೆಸಿದ ಪಟಗಳು ಹಜಾರದ ಗೋಡೆಗಳಲ್ಲಿ, ಟ್ರಂಕುಗಳ ತಳದಲ್ಲಿ ಉಳಿದಿವೆ.

ಇಂಥ ಪಟಗಳ ಹಿಂದೆ ಏನೂ ಬರೆಯದಿರುವುದು ಒಂದು ತೊಡಕು. ಬರೆದಿದ್ದರೂ ‘ದೊಡ್ಡಪ್ಪ’, ‘ಮಾವ’ ಎಂದಷ್ಟೇ ಇರುವುದು ಇನ್ನೊಂದು. ದೊಡ್ಡಪ್ಪ ಎಂದರೆ ತಂದೆಯ ಅಣ್ಣನೂ ಹೌದು, ತಾಯಿಯ ಅಕ್ಕನ ಗಂಡನೂ ಹೌದು. ಮಾವ ಎಂದರೆ ತಾಯಿಯ ಅಣ್ಣತಮ್ಮಂದಿರು, ಸೋದರತ್ತೆಯ ಗಂಡ, ಹೆಣ್ಣು ಕೊಟ್ಟವರು ಎಲ್ಲರೂ. ಬರೆದ ಕೈ ಯಾರದೆಂದು ತಿಳಿಯದಿದ್ದರೆ ಆ ಮಾತಿನಿಂದ ಗುರುತು ಸಿಗದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದಾಗಿ ಬರೀ ಹೆಸರೂ ಸಾಲದು. ಊರು, ತಂದೆಯ ಹೆಸರು ಜೊತೆಗಿರಬೇಕು. ಹೆಂಗಸರ ಪಾಡು ಇನ್ನೂ ಕಷ್ಟ. ‘ಅವರ ಮನೆಯವರು’ ಎಂಬಲ್ಲಿಗೆ ಅವರ ಗುರುತು ನಿಂತುಬಿಡುತ್ತದೆ.

ಯುದ್ಧದಲ್ಲಿ ಮಡಿದವರ ವಿಷಯದಲ್ಲಿ ಒಂದು ಆಸರೆ ಇದೆ. 1917ರಲ್ಲಿ ಸ್ಥಾಪನೆಯಾದ, ಈಗ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ಎನಿಸಿಕೊಂಡಿರುವ ಸಂಸ್ಥೆ ಎರಡೂ ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಮಂದಿಯ ದಾಖಲೆ ಇಟ್ಟಿದೆ. ಅವಿಭಜಿತ ಭಾರತದವರೂ ಅದರಲ್ಲಿದ್ದಾರೆ. ಹೆಸರು, ದಳ ಗೊತ್ತಿದ್ದರೆ ಹುಡುಕಬಹುದು. ಬದುಕಿ ಮರಳಿದವರಿಗೆ ಮನೆಯೇ ದಾಖಲೆ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಮೂಲ ಪಟವನ್ನು ಆಲ್ಬಮ್ಮಿನಿಂದ ಕಿತ್ತು ತೆಗೆಯಬಾರದು. ಒಂದು ಪ್ರತಿ ಮಾಡಿಸಿ, ಅದರಲ್ಲಿ ಪ್ರತಿ ಮುಖಕ್ಕೂ ಒಂದು ಅಂಕಿ ಹಾಕಿ, ಬೇರೆ ಹಾಳೆಯಲ್ಲಿ ಪೂರ್ತಿ ಹೆಸರು, ಯಾರ ಮಗ ಅಥವಾ ಮಗಳು, ಯಾವ ಊರು ಎಂದು ಬರೆಯಬೇಕು. ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದೂ ಇರಲಿ. ಖಚಿತವಾದದ್ದಕ್ಕೆ ಖಚಿತ, ಊಹೆಗೆ ಊಹೆ ಎಂದೇ ಬರೆಯಬೇಕು. ಗೊತ್ತಾಗದಿದ್ದರೆ ಆ ಅಂಕಿಯ ಮುಂದೆ ಜಾಗ ಖಾಲಿ ಬಿಡುವುದೇ ಸರಿ. ಖಾಲಿ ಜಾಗವನ್ನು ಮುಂದೆ ಯಾರಾದರೂ ತುಂಬಿಯಾರು. ತಪ್ಪು ಹೆಸರು ಬಿದ್ದರೆ ಅಲ್ಲಿಗೆ ಯಾರೂ ಹುಡುಕುವುದಿಲ್ಲ.

ಗೆಟಿಸ್‌ಬರ್ಗ್‌ನ ರಾಷ್ಟ್ರೀಯ ರುದ್ರಭೂಮಿಯಲ್ಲಿ ಅಂತರ್ಯುದ್ಧದ ಮೂರೂವರೆ ಸಾವಿರಕ್ಕೂ ಹೆಚ್ಚು ಯೋಧರು ಮಣ್ಣಾಗಿದ್ದಾರೆ. ಅವರಲ್ಲಿ ಸುಮಾರು ಒಂದು ಸಾವಿರ ಮಂದಿ ಯಾರೆಂದು ತಿಳಿಯಲೇ ಇಲ್ಲ. ಏಮಸ್ ಹ್ಯೂಮಿಸ್ಟನ್‌ನ ಸಮಾಧಿಯ ಮೇಲೆ ಹೆಸರಿದೆ. ಆತನ ಕೈಯಲ್ಲಿದ್ದ ಪಟವನ್ನು ಡಾ. ಬೋರ್ನ್ಸ್ 1864ರ ಜನವರಿಯಲ್ಲಿ ಪೋರ್ಟ್‌ವಿಲ್‌ಗೆ ಸ್ವತಃ ಒಯ್ದು ಫಿಲಿಂಡಾ ಅವರಿಗೆ ಒಪ್ಪಿಸಿದರು.