ಹಗುರ ಲೋಹ ಬಾಳಬೇಕಾದರೆ

ಅನೇಕ ಗೀಸರ್‌ಗಳ ಉಕ್ಕಿನ ತೊಟ್ಟಿಯೊಳಗೆ ಮೆಗ್ನೀಸಿಯಂ ಸರಳೊಂದಿರುತ್ತದೆ. ಸವೆದುಹೋಗುವುದೇ ಅದರ ಕೆಲಸ. ನೀರಿನಲ್ಲಿ ಎರಡು ಲೋಹಗಳು ಕೂಡಿಕೊಂಡಿದ್ದರೆ, ಎಲೆಕ್ಟ್ರಾನುಗಳನ್ನು ಬೇಗ ಬಿಟ್ಟುಕೊಡುವ ಲೋಹ ತಾನು ಸವೆದು ಇನ್ನೊಂದನ್ನು ಉಳಿಸುತ್ತದೆ. ಗೀಸರ್‌ನಲ್ಲಿ ಉಪಕಾರಿಯಾದ ಈ ಗುಣ ಕಾರಿನ ಗೇರ್‌ಬಾಕ್ಸ್ ಕವಚದಲ್ಲಿ ಕೇಡು.

ಆದರೂ ಎಂಜಿನಿಯರುಗಳು ಮೆಗ್ನೀಸಿಯಂ ಬಿಡಲೊಲ್ಲರು. ಘನ ಸೆಂಟಿಮೀಟರಿಗೆ ಕಬ್ಬಿಣ 7.9 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7, ಮೆಗ್ನೀಸಿಯಂ ಬರೀ 1.74 ಗ್ರಾಂ. ವಾಹನ ಹಗುರವಾದಷ್ಟೂ ಇಂಧನ ಉಳಿತಾಯ.

ಅಲ್ಯೂಮಿನಿಯಂ ಕೂಡ ಗಾಳಿಯೊಂದಿಗೆ ಬೇಗ ವರ್ತಿಸುವ ಲೋಹವೇ. ಅದನ್ನು ಕಾಯುವುದು ಮೈಮೇಲಿನ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ. ತಾನು ಹುಟ್ಟಿದ ಲೋಹಕ್ಕಿಂತ ಸುಮಾರು ಶೇ 28ರಷ್ಟು ಹೆಚ್ಚು ಜಾಗ ಹಿಡಿಯುವ ಈ ಪೊರೆ ಸಂದಿಲ್ಲದೆ ಕೂರುತ್ತದೆ. ಮೆಗ್ನೀಸಿಯಂ ಆಕ್ಸೈಡ್ ಹಿಡಿಯುವ ಜಾಗ ಸುಮಾರು ಶೇ 19ರಷ್ಟು ಕಡಿಮೆ. ಒಗೆದು ಕುಗ್ಗಿದ ಅಂಗಿಯಂತೆ ಅದಕ್ಕೆ ಮೈ ಪೂರ್ತಿ ಮುಚ್ಚಲಾಗದು.

ಆದರೆ ದೊಡ್ಡ ಶತ್ರು ಇರುವುದು ಲೋಹದೊಳಗೆ. ಅಮೆರಿಕದ ಡೌ ಕೆಮಿಕಲ್‌ನ ಹನವಾಲ್ಟ್ ಮತ್ತು ಸಂಗಡಿಗರು 1942ರಲ್ಲಿ ಇದನ್ನು ತೋರಿಸಿದರು: ಮೆಗ್ನೀಸಿಯಂನಲ್ಲಿ ಕಬ್ಬಿಣದ ಅಂಶ ಶೇ 0.017 ದಾಟಿತೆಂದರೆ, ಉಪ್ಪುನೀರಿನಲ್ಲಿ ಸವೆತ ಒಮ್ಮೆಲೇ ಏರುತ್ತದೆ. ಕಬ್ಬಿಣದ ಒಂದೊಂದು ಕಣವೂ ಸುತ್ತಲಿನ ಮೆಗ್ನೀಸಿಯಂ ಜತೆ ಸೇರಿ ಪುಟ್ಟ ಬ್ಯಾಟರಿಯಾಗುತ್ತದೆ. ಪರಿಹಾರವೆಂದರೆ ಕಬ್ಬಿಣದಂಶ ಇಳಿಸುವುದು, ಉಳಿದದ್ದನ್ನು ಮ್ಯಾಂಗನೀಸ್ ಸೇರಿಸಿ ಕಟ್ಟಿಹಾಕುವುದು. ಇಂದು ಎರಕಕ್ಕೆ ಹೆಚ್ಚು ಬಳಕೆಯಲ್ಲಿರುವ ಎಜೆಡ್91ಡಿ ಮಿಶ್ರಲೋಹದಲ್ಲಿ ಕಬ್ಬಿಣದ ಮಿತಿ ಶೇ 0.005.

ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಇದೇ ತೊಂದರೆ ತಾಮ್ರದಿಂದ. ವಿಮಾನಗಳ ಡ್ಯುರಾಲುಮಿನ್‌ಗೆ ಬಲ ಕೊಟ್ಟ ತಾಮ್ರವೇ ಸವೆತಕ್ಕೂ ದಾರಿ ಮಾಡಿತು. 1923ರಲ್ಲಿ ಬ್ರಿಟನ್ನಿನ ಬೆಂಗೊ ಮತ್ತು ಸ್ಟುವರ್ಟ್ ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹರಿಸಿ ಪೊರೆಯನ್ನೇ ದಪ್ಪಗೊಳಿಸಿದರು. ಅದೇ ಆನೊಡೈಸಿಂಗ್. ಆಲ್‌ಕ್ಲಾಡ್ ತಗಡಿನ ಉಪಾಯ ಬೇರೆ: ಮಿಶ್ರಲೋಹದ ಮೇಲೆ ಶುದ್ಧ ಅಲ್ಯೂಮಿನಿಯಂ ಪದರ. ಗೀರು ಬಿದ್ದರೂ ಮೊದಲು ಸವೆಯುವುದು ಪದರ, ಒಡಲಲ್ಲ.

ಮೆಗ್ನೀಸಿಯಂಗೆ ಲೇಪನ ಹಚ್ಚಿದರಷ್ಟೇ ಸಾಲದು. ಗೀರಿದಲ್ಲಿ ಬರಿಮೈ ಕಾಣಿಸಿದರೆ ಮೆಗ್ನೀಸಿಯಂ ತಾನೇ ಸವೆಯತೊಡಗುತ್ತದೆ. ಅದಕ್ಕೇ ಉಕ್ಕಿನ ಬೋಲ್ಟ್ ನೇರ ತಾಗದಂತೆ ನಡುವೆ ಅಲ್ಯೂಮಿನಿಯಂ ವಾಷರ್ ಇಡುತ್ತಾರೆ, ನೀರು ನಿಲ್ಲದ ಹಾಗೆ ಕವಚಕ್ಕೆ ಇಳಿಜಾರು ಕೊಡುತ್ತಾರೆ. ಮಿಶ್ರಲೋಹ ಎಷ್ಟೇ ಶುದ್ಧವಿರಲಿ, ಅದರ ಆಯುಸ್ಸಿನ ಅರ್ಧ ಲೆಕ್ಕ ನಿಂತಿರುವುದು ವಿನ್ಯಾಸಕಾರರ ನಕ್ಷೆಯ ಮೇಲೆ.